ಮೂರು ಗಂಟೆಯ ಹಾಡು, ಹನ್ನೊಂದು ಗಂಟೆಯ ದುಡಿಮೆ

"ಅಣ್ಣಾ, ಮೂರು ಗಂಟೆ ಗಿಟಾರ್ ಬಾರಿಸೋಕೆ ಇಷ್ಟೊಂದಾ?"

ಆಂಡರ್ಸನ್‌ಪೇಟೆಯ ಗಿಟಾರ್ ವಾದಕರೊಬ್ಬರ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ನಮ್ಮ ಕಿವಿಗೇ ಬಿದ್ದ ಮಾತಿದು. ಫೋನ್ ಸ್ಪೀಕರ್‌ನಲ್ಲಿತ್ತು. ಆ ಕಡೆ ಮಾತಾಡುತ್ತಿದ್ದವರು ಮದುವೆ ಮನೆಯವರು. ಇವರು ವಾದ ಮಾಡಲಿಲ್ಲ. "ನೀವೇ ನೋಡಿ ಕೊಡಿ ಸಾರ್" ಅಂದು ಫೋನ್ ಇಟ್ಟರು. ಅವರ ಹೆಸರನ್ನು ನಾವಿಲ್ಲಿ ಬರೆಯುತ್ತಿಲ್ಲ. ಹೆಸರು ಬಂದರೆ ಮುಂದಿನ ಪ್ರೋಗ್ರಾಂ ಕೈತಪ್ಪೀತು ಅನ್ನುವ ಭಯ ಅವರಿಗಿದೆ.

ಆ "ಮೂರು ಗಂಟೆ"ಯ ಲೆಕ್ಕವನ್ನು ಅವರ ಎದುರೇ ಕೂತು ಬರೆದುಕೊಂಡೆವು.

ಮಧ್ಯಾಹ್ನ ಎರಡಕ್ಕೆ ಗಿಟಾರ್ ಬ್ಯಾಗು, ವೈರು, ಒಂದು ಸೆಟ್ ಹೆಚ್ಚುವರಿ ತಂತಿ ಹಿಡಿದು ಮನೆ ಬಿಡಬೇಕು. ಆಟೋ ಹಿಡಿದು ಬಂಗಾರಪೇಟೆಗೆ, ಅಲ್ಲಿಂದ ಆರ್ಕೆಸ್ಟ್ರಾದ ವ್ಯಾನಿನಲ್ಲಿ ಮುಳಬಾಗಿಲು ಕಡೆಯದೋ ಮಾಲೂರು ಕಡೆಯದೋ ಒಂದು ಹಳ್ಳಿಗೆ. ನಾಲ್ಕೂವರೆಗೆ ಬಾಕ್ಸು ಇಳಿಸುವುದು, ವೈರು ಎಳೆಯುವುದು, ಮೈಕಿನವರ ಜತೆ ಸೌಂಡ್ ಚೆಕ್. ಏಳಕ್ಕೆ ಹಾಡು ಶುರು, ಹತ್ತಕ್ಕೆ ಮುಗಿತಾಯ. ಆಮೇಲೆ ಸಾಮಾನು ಕಟ್ಟಬೇಕು, ಎಲ್ಲರದೂ ಆದ ಮೇಲೆ ಕೊನೆ ಪಂಕ್ತಿಯಲ್ಲಿ ಊಟ ಮಾಡಬೇಕು, ಬಾಕಿ ದುಡ್ಡಿಗಾಗಿ ಯಜಮಾನರ ಹಿಂದೆ ಓಡಾಡಬೇಕು. ಮನೆ ಸೇರುವಾಗ ರಾತ್ರಿ ಒಂದು ಗಂಟೆ.

ಎರಡರಿಂದ ಒಂದರವರೆಗೆ ಹನ್ನೊಂದು ಗಂಟೆ. ಸಂಬಳ ಮೂರು ಗಂಟೆಗೆ.

ಇದರಲ್ಲಿ ಹಿಂದಿನ ರಾತ್ರಿಯ ಲೆಕ್ಕ ಸೇರಿಲ್ಲ. ಮದುಮಗಳ ತಮ್ಮ ವಾಟ್ಸಾಪಿನಲ್ಲಿ ಹಾಡಿನ ಪಟ್ಟಿ ಕಳಿಸಿರುತ್ತಾನೆ. ಅದರಲ್ಲಿ ಹೋದ ವಾರ ಬಿಡುಗಡೆಯಾದ ಸಿನಿಮಾದ ಹಾಡೂ ಇರುತ್ತದೆ, ಅಜ್ಜನಿಗೆ ಇಷ್ಟವಾದ ಐವತ್ತು ವರ್ಷದ ಹಳೇ ಹಾಡೂ ಇರುತ್ತದೆ. ಅಷ್ಟನ್ನೂ ಕೇಳಿ ಕಾರ್ಡ್ ಬರೆದುಕೊಳ್ಳಬೇಕು. ವೇದಿಕೆಗೆ ಬಂದ ಗಾಯಕಿ "ಅಣ್ಣಾ, ಇವತ್ತು ಗಂಟಲು ಕಟ್ಟಿದೆ, ಒಂದು ಮನೆ ಇಳಿಸಿ" ಅಂದರೆ ಇಡೀ ಹಾಡನ್ನು ನಿಂತ ಕಾಲಲ್ಲೇ ಬೇರೆ ಶ್ರುತಿಗೆ ತಿರುಗಿಸಬೇಕು. ಹಾಡು ಚೆನ್ನಾಗಿ ಬಂದರೆ ಚಪ್ಪಾಳೆ ಗಾಯಕಿಗೆ. ಗಿಟಾರ್ ಒಂದು ಕ್ಷಣ ನಿಂತರೆ ಮಾತ್ರ ಎಲ್ಲರ ಕಣ್ಣೂ ಇವರ ಮೇಲೆ.

ಕೆಜಿಎಫ್‌ಗೂ ಗಿಟಾರ್‌ಗೂ ಏನು ನಂಟು ಅಂತ ನೀವು ಕೇಳಬಹುದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಇಳಿದ ಮೇಲೆ ಬ್ರಿಟಿಷರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು, ತಮಿಳು ಮತ್ತು ತೆಲುಗು ಸೀಮೆಯಿಂದ ಕಾರ್ಮಿಕರು ಬಂದರು. ಕ್ಲಬ್ಬುಗಳಲ್ಲಿ ಡಾನ್ಸು, ಚರ್ಚುಗಳಲ್ಲಿ ಕಾಯರ್, ಲೈನ್ ಮನೆಗಳಲ್ಲಿ ತಮಟೆ. ಇವೆಲ್ಲ ಒಂದೇ ಊರಲ್ಲಿ ಕೇಳಿಸುತ್ತಿದ್ದವು. ಗಣಿಯಲ್ಲಿ ಸಂಬಳ ಇದ್ದಾಗ ಸಂಗೀತ ಪಾಳಿ ಮುಗಿದ ಮೇಲಿನ ಹವ್ಯಾಸವಾಗಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ದಿನಾ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಅದೇ ರೈಲಿನಲ್ಲಿ ಗಿಟಾರ್ ಬ್ಯಾಗು ನೇತುಹಾಕಿಕೊಂಡವರೂ ಇದ್ದಾರೆ. ಅವರ ಪಾಲಿಗೆ ಅಪ್ಪನ ಕಾಲದ ಹವ್ಯಾಸವೇ ಈಗ ಹೊಟ್ಟೆಪಾಡು.

ಇವರ ಕ್ಯಾಲೆಂಡರ್ ನೋಡಿದರೆ ಬಿಡುವೇ ಇಲ್ಲ ಅನ್ನಿಸುತ್ತದೆ. ವೈಶಾಖದಲ್ಲಿ ಮದುವೆ. ಆಷಾಢದಲ್ಲಿ ಮದುವೆ ನಿಂತರೂ ತಮಿಳರ ಆಡಿ ತಿಂಗಳು ಬರುವುದರಿಂದ ಮಾರಿಯಮ್ಮನ ಉತ್ಸವಗಳು. ಆಮೇಲೆ ಗಣಪತಿ ಪೆಂಡಾಲು, ನವೆಂಬರ್‌ನಲ್ಲಿ ರಾಜ್ಯೋತ್ಸವ, ಡಿಸೆಂಬರ್‌ನಲ್ಲಿ ಕ್ರಿಸ್ಮಸ್. ಭಾನುವಾರ ಬೆಳಿಗ್ಗೆ ಚರ್ಚು, ವಾರದ ದಿನಗಳಲ್ಲಿ ಸಂಜೆ ಹುಡುಗರಿಗೆ ಪಾಠ. ದೇವರು ಬೇರೆ, ಭಾಷೆ ಬೇರೆ, ಬಾರಿಸುವ ಕೈ ಒಂದೇ.

ಆದರೆ ಬಿಜಿ ಇದ್ದ ಮಾತ್ರಕ್ಕೆ ಬದುಕು ನಡೆಯುವುದಿಲ್ಲ. ಒಂದೇ ಮುಹೂರ್ತದ ದಿನ ನಾಲ್ಕು ಕಡೆಯಿಂದ ಕರೆ ಬರುತ್ತದೆ, ಒಂದಕ್ಕೆ ಮಾತ್ರ ಹೋಗಲು ಸಾಧ್ಯ. ಆಮೇಲೆ ಹದಿನೈದು ದಿನ ಫೋನ್ ಸದ್ದು ಮಾಡುವುದಿಲ್ಲ. ಕೈಗೆ ಗಾಯವಾದರೆ ಆ ತಿಂಗಳು ಹೋಯಿತು. ಅದಕ್ಕೇ ಇವರಲ್ಲಿ ಬಹಳ ಜನ ಹಗಲು ಇನ್ನೊಂದು ಕೆಲಸ ಮಾಡುತ್ತಾರೆ. ಒಬ್ಬರು ಎಲೆಕ್ಟ್ರಿಷಿಯನ್, ಇನ್ನೊಬ್ಬರು ಬೆಂಗಳೂರಲ್ಲಿ ಸೆಕ್ಯುರಿಟಿ.

"ಕಷ್ಟಪಟ್ಟರೆ ಮುಂದೆ ಬರಬಹುದು, ಇಳಯರಾಜ ಬರಲಿಲ್ವಾ?" ಅನ್ನುವವರು ಇದ್ದಾರೆ. ನಿಜ. ಇಳಯರಾಜ 1970ರ ದಶಕದಲ್ಲಿ ಮದರಾಸಿನಲ್ಲಿ ಕೂಲಿಗೆ ಗಿಟಾರ್ ನುಡಿಸುತ್ತಿದ್ದರು. ನಮ್ಮ 'ಬಂಗಾರದ ಮನುಷ್ಯ'ಕ್ಕೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. 1976ರ 'ಅನ್ನಕ್ಕಿಳಿ' ಬಂದ ಮೇಲೆ ಅವರ ದಾರಿಯೇ ಬದಲಾಯಿತು. ಆದರೆ ಅದೇ ಸ್ಟುಡಿಯೋಗಳಲ್ಲಿ ಅವರ ಪಕ್ಕದಲ್ಲಿ ಕೂತು ನುಡಿಸಿದ ಎಷ್ಟು ಜನರ ಹೆಸರು ನಿಮಗೆ ಗೊತ್ತು? ಇಳಯರಾಜ ಆಗದವರಿಗೂ ಕೂಲಿ ಸರಿಯಾಗಿ ಸಿಗಬೇಕು. ನಾವು ಹೇಳಬೇಕೆಂದಿರುವುದು ಇಷ್ಟೇ.

ಕೊರೋನಾ ಕಾಲ ಇದನ್ನು ಚೆನ್ನಾಗಿ ತೋರಿಸಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮದುವೆ, ಜಾತ್ರೆ, ಚರ್ಚು ಎಲ್ಲವೂ ಒಂದೇ ದಿನ ನಿಂತವು. 2021ರಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿತು. ಆರ್ಕೆಸ್ಟ್ರಾದ ಗಿಟಾರ್ ವಾದಕ ತಾನು ಕಲಾವಿದ ಅಂತ ತೋರಿಸುವುದು ಹೇಗೆ? ಕರಪತ್ರದಲ್ಲಿ ಗಾಯಕರ ಫೋಟೋ ಇರುತ್ತದೆ, ಅತಿಥಿಗಳ ಹೆಸರಿರುತ್ತದೆ, ಪೆಂಡಾಲು ಹಾಕಿದವರ ಫೋನ್ ನಂಬರೂ ಇರುತ್ತದೆ. ವಾದಕರದು "ಮತ್ತು ವೃಂದ" ಅನ್ನುವ ಎರಡೇ ಪದ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕುವಾಗಲೂ ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆ ಅನ್ನುವುದಕ್ಕೆ ದಾಖಲೆ ಬೇಕು. ಮೂವತ್ತು ವರ್ಷ ಬಾರಿಸಿದವರ ಕೈಯಲ್ಲಿ ಒಂದು ಕಾಗದವೂ ಇಲ್ಲದಿದ್ದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಆದ್ದರಿಂದ ಸರ್ಕಾರವನ್ನು ಕೇಳುವ ಮೊದಲು ನಾವು ಊರಿನವರನ್ನೇ ಕೇಳುತ್ತೇವೆ. ಮದುವೆ ಮಾಡುವವರು, ಉತ್ಸವ ಸಮಿತಿಯವರು, ಗಣಪತಿ ಕೂರಿಸುವ ಹುಡುಗರು ದಯವಿಟ್ಟು ಓದಿ.

ಒಂದು, ಮಾತಾಡಿದ ದುಡ್ಡನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ. ತಾರೀಖು, ಸಮಯ, ಒಟ್ಟು ಮೊತ್ತ, ಮುಂಗಡ, ಇಷ್ಟು ಸಾಕು. ಅಡುಗೆಯವರಿಗೆ ಮುಂಗಡ ಕೊಡದೆ ಒಲೆ ಹತ್ತುವುದಿಲ್ಲ ಅಂತ ನಿಮಗೆ ಗೊತ್ತು. ಸಂಗೀತದವರಿಗೆ ಮಾತ್ರ "ಆಮೇಲೆ ನೋಡೋಣ" ಯಾಕೆ?

ಎರಡು, ಬಾಕಿಯನ್ನು ಕೊನೆಯ ಹಾಡಿಗೆ ಮೊದಲೇ ಕೊಟ್ಟುಬಿಡಿ. ಹನ್ನೊಂದು ಗಂಟೆ ರಾತ್ರಿಯಲ್ಲಿ ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾಯುವುದು ಯಾರಿಗೂ ಮರ್ಯಾದೆಯಲ್ಲ.

ಮೂರು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. ಕೆಲವು ಹಬ್ಬದ ದಿನಗಳಲ್ಲಿ ಸರ್ಕಾರ ಹನ್ನೆರಡರವರೆಗೆ ಅನುಮತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಗಣ್ಯರು ಬರಲಿ ಅಂತ ಒಂಬತ್ತರವರೆಗೆ ಕಾಯಿಸುವವರು ನೀವು. ಹತ್ತಕ್ಕೆ ಪೊಲೀಸರು ಬಂದು ಮೈಕ್ ನಿಲ್ಲಿಸಿದರೆ "ಅರ್ಧ ಪ್ರೋಗ್ರಾಂ ತಾನೆ ಆಗಿದ್ದು" ಅಂತ ದುಡ್ಡು ಮುರಿಯುವುದು ಯಾವ ನ್ಯಾಯ?

ನಾಲ್ಕು, ಕರಪತ್ರದಲ್ಲಿ ವಾದಕರ ಹೆಸರು ಹಾಕಿಸಿ. ಒಂದು ಸಾಲು ಹೆಚ್ಚಾದರೆ ಪ್ರೆಸ್ಸಿನವರು ಹೆಚ್ಚು ದುಡ್ಡು ಕೇಳುವುದಿಲ್ಲ. ಆ ಕಾಗದ ಮುಂದೊಂದು ದಿನ ಅವರಿಗೆ ದಾಖಲೆಯಾಗುತ್ತದೆ.

ವಾದಕರಿಗೂ ಒಂದು ಮಾತಿದೆ. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್‌ನಲ್ಲಿ 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಉಚಿತವಾಗಿ ಹೆಸರು ಬರೆಸಬಹುದು. ಪಿಎಫ್, ಇಎಸ್‌ಐ ಇರುವ ಕೆಲಸದಲ್ಲಿ ಇಲ್ಲದವರು ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ವಿವರ ಹಿಡಿದು ಹೋಗಿ ಬರೆಸಿ. ಪ್ರತಿ ಪ್ರೋಗ್ರಾಂನ ಕರಪತ್ರದ ಫೋಟೋ ತೆಗೆದು ಇಟ್ಟುಕೊಳ್ಳಿ. "ನೀವೇ ನೋಡಿ ಕೊಡಿ" ಅನ್ನುವುದನ್ನು ಬಿಡಿ. ರೇಟು ಬಾಯಿಬಿಟ್ಟು ಹೇಳಿ.

ನಾವು ಹೊರಡುವಾಗ ಆ ವಾದಕರ ಮಗಳು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟುತ್ತಿದ್ದಳು. ಬೆರಳ ತುದಿ ಕೆಂಪಾಗಿತ್ತು. "ಕಲಿಸ್ತೀರಾ?" ಅಂತ ಅವರನ್ನು ಕೇಳಿದೆವು. "ಕಲೀಲಿ. ಆದ್ರೆ ಕೆಲಸಕ್ಕೆ ಬೇರೆ ಏನಾದ್ರೂ ಓದ್ಲಿ" ಅಂದರು.

ಅಪ್ಪನ ಬಾಯಲ್ಲಿ ಈ ಮಾತು ಬರಬಾರದಿತ್ತು. ಮುಂದಿನ ಸಲ ನಿಮ್ಮ ಮನೆಯ ಮದುವೆಗೆ ಗಿಟಾರಿನವರನ್ನು ಕರೆಯುವಾಗ ಹನ್ನೊಂದು ಗಂಟೆಯ ಲೆಕ್ಕ ಹಾಕಿ ಮಾತಾಡಿ.