ಜಾಲದ ದಾರಿಯಲ್ಲಿ ನೂಕುನುಗ್ಗಲು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಭೇದವಿಲ್ಲದೆ ಮನೆಮನೆಯಲ್ಲೂ ಒಂದೇ ಪರದಾಟ. ಮೊಬೈಲಿನಲ್ಲಿ ಪುಟ ತೆರೆಯುವುದಿಲ್ಲ. ಮಗ ಒತ್ತುತ್ತಾನೆ, ಅಪ್ಪ ಒತ್ತುತ್ತಾರೆ, ಪಕ್ಕದ ಮನೆಯವರೂ ಒತ್ತುತ್ತಾರೆ. ಒತ್ತಿದಷ್ಟೂ ತಡ. ಹೀಗೇಕೆ?

ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪೊಟ್ಟಣ ತಲುಪಿದರೆ ಆ ಕಡೆಯಿಂದ ‘ಬಂತು’ ಎಂಬ ಉತ್ತರ ಬರುತ್ತದೆ. ಬಾರದಿದ್ದರೆ ಮತ್ತೆ ಕಳಿಸಬೇಕು. ಇಂಥ ಕಟ್ಟಳೆಗಳಿಗೆ ‘ಪ್ರೋಟೊಕಾಲ್’ ಎಂದು ಹೆಸರು. ಅಂತರ್ಜಾಲದಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಪ್ರೋಟೊಕಾಲ್ ಟಿಸಿಪಿ.

1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ದೂರ ಕೇವಲ 400 ಗಜ. ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಇಳಿಯಿತು. ಅಂದರೆ ಸೆಕೆಂಡಿಗೆ ಐದೇ ಇಂಗ್ಲಿಷ್ ಅಕ್ಷರ! ತಂತಿ ತುಂಡಾಗಿರಲಿಲ್ಲ. ದಾರಿ ತುಂಬಿ ಪೊಟ್ಟಣಗಳು ಬಿದ್ದುಹೋದಾಗ ಎಲ್ಲ ಕಂಪ್ಯೂಟರುಗಳೂ ಅವನ್ನೇ ಮತ್ತೆ ಮತ್ತೆ ಕಳಿಸಿ ದಟ್ಟಣೆ ಹೆಚ್ಚಿಸಿದ್ದವು.

ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಪರಿಹಾರ ಹುಡುಕಿದರು. ಜೇಕಬ್ಸನ್ ಅದನ್ನು 1988ರಲ್ಲಿ ಪ್ರಕಟಿಸಿದರು. ಮೊದಲು ಒಂದೇ ಪೊಟ್ಟಣ ಕಳಿಸು. ಉತ್ತರ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು. ಹದಿನಾರಕ್ಕೆ ಪೊಟ್ಟಣ ಕಳೆಯಿತೇ? ಅದರ ಅರ್ಧ, ಎಂಟನ್ನು ನೆನಪಿಡು. ಮತ್ತೆ ಒಂದರಿಂದ ಆರಂಭಿಸು. ಎಂಟು ಮುಟ್ಟಿದ ಮೇಲೆ ದುಪ್ಪಟ್ಟು ಬೇಡ, ಒಂದೊಂದೇ ಏರಿಸು. ಉತ್ತರ ಬಾರದಿದ್ದರೆ ಕಾಯುವ ಸಮಯವನ್ನೂ ದುಪ್ಪಟ್ಟು ಮಾಡು.

ತುಂಗಭದ್ರಾ ಕಾಲುವೆಯ ರೈತರಿಗೆ ಇದು ಬೇಗ ಅರ್ಥವಾದೀತು. ಮೇಲಿನವರು ತೂಬು ಪೂರ್ತಿ ತೆರೆದರೆ ಕೊನೆ ಭಾಗದ ಗದ್ದೆ ಒಣಗುತ್ತದೆ. ಆದರೆ ಕಾಲುವೆಗೆ ಎಂಜಿನಿಯರ್ ಇದ್ದಾರೆ. ಜಾಲದಲ್ಲಿ ಸರದಿ ಹಂಚುವವರಿಲ್ಲ. ಕಳಿಸುವ ಪ್ರತಿ ಕಂಪ್ಯೂಟರೂ ತಾನೇ ಕೈ ಬಿಗಿಹಿಡಿಯಬೇಕು.

ನಿಸ್ತಂತು ಜಾಲದಲ್ಲಿ ಇನ್ನೊಂದು ತೊಡಕು. ಸಿಗ್ನಲ್ ಕೆಟ್ಟು ಪೊಟ್ಟಣ ಕಳೆದರೂ ಟಿಸಿಪಿ ಅದನ್ನು ದಟ್ಟಣೆ ಎಂದೇ ತಿಳಿದು ನಿಧಾನಿಸಬಹುದು. ಇಂಥ ಕೊಂಡಿಯ ಮೇಲೆ ಟಿಸಿಪಿಯ ಬೇರೆ ಬೇರೆ ರೂಪಗಳು ಹೇಗೆ ನಡೆದುಕೊಳ್ಳುತ್ತವೆಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅನುರಾಗ್ ಕುಮಾರ್ 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಯಂತ್ರಗಳು ಕಲಿತ ಈ ಸಂಯಮವನ್ನು ನಮ್ಮ ಬೆರಳು ಕೆಡಿಸುತ್ತದೆ. ಪ್ರತಿ ಒತ್ತಿಗೂ ಒಂದು ಹೊಸ ಬೇಡಿಕೆ ಹೊರಡುತ್ತದೆ. ಆದ್ದರಿಂದ ಒಮ್ಮೆ ಒತ್ತಿ, ಒಂದು ನಿಮಿಷ ಕಾಯಿರಿ, ಆಗಲಿಲ್ಲವೇ, ಎರಡು ನಿಮಿಷ, ಆಮೇಲೆ ನಾಲ್ಕು. ಕೊನೆಯ ದಿನಾಂಕವಿರುವ ಅರ್ಜಿಗಳನ್ನಂತೂ ಮೊದಲ ದಿನಗಳಲ್ಲೇ ತುಂಬಿಬಿಡಿ.

ಪೋಷಕರೇ, ಪುಟ ತೆರೆಯಲಿಲ್ಲವೆಂದು ಮಗುವಿನ ಮೇಲೆ ರೇಗಬೇಡಿ. ಅಂಕಗಳು ಆಗಲೇ ನಿರ್ಧಾರವಾಗಿವೆ. ತಡವಾದರೆ ಒಂದೂ ಕಡಿಮೆಯಾಗುವುದಿಲ್ಲ. ಆ ಹತ್ತು ನಿಮಿಷ ಅದಕ್ಕೆ ಬೇಕಾಗಿರುವುದು ನಿಮ್ಮ ಸಮಾಧಾನದ ಮುಖ.

ವಿದ್ಯಾರ್ಥಿಗಳಿಗೊಂದು ಲೆಕ್ಕ: 32ಕ್ಕೆ ಪೊಟ್ಟಣ ಕಳೆದರೆ ಮುಂದಿನ ಎಂಟು ಸರದಿಗಳಲ್ಲಿ ಎಷ್ಟೆಷ್ಟು ಕಳಿಸಬೇಕು? ಬರೆದು ನೋಡಿ.