ಅಳತೆ ಒಯ್ದವರೇ, ಉತ್ತರ ಕೊಡಿ

ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ. ಮಾಡುತ್ತಿರುವ ತಮ್ಮಂದಿರೇ, ತಂಗಿಯರೇ, ಅವರ ಗೈಡುಗಳೇ, ಹಳಿಯಾಳ ತಾಲ್ಲೂಕಿನ ತೇರಗಾಂವದಿಂದ ನಿಮಗೇ ಬರೆಯುತ್ತಿದ್ದೇನೆ. ನಮ್ಮ ಸೀಮೆಗೆ ಕುಸ್ತಿ ಎಂದರೆ ಪ್ರಾಣ. ಹಳಿಯಾಳದಲ್ಲಿ ಕುಸ್ತಿಯ ಸ್ಪೋರ್ಟ್ಸ್ ಹಾಸ್ಟೆಲ್ ಇದೆ. ರೈತರ, ಕೂಲಿಯವರ, ಸಿದ್ದಿಗಳ ಮಕ್ಕಳು ತಾಲೀಮು ಮಾಡಿ ಪದಕ ತಂದಿದ್ದಾರೆ, ಹೆಣ್ಣುಮಕ್ಕಳೂ ಗೆದ್ದು ಬಂದಿದ್ದಾರೆ. ಧಾರವಾಡದ ವಿಶ್ವವಿದ್ಯಾಲಯಕ್ಕೂ ನಮಗೂ ಬಸ್ಸಿನಲ್ಲಿ ಹೆಚ್ಚು ದೂರವಿಲ್ಲ. ಹಾಗಾಗಿ ಆಟಗಾರರ ಮೇಲೆ ಅಧ್ಯಯನ ಮಾಡುವವರಿಗೆ ನಮ್ಮ ಮಕ್ಕಳು ಸುಲಭವಾಗಿ ಸಿಗುತ್ತಾರೆ.

ಆ ಅಧ್ಯಯನ ಹೇಗೆ ನಡೆಯುತ್ತದೆ ನೋಡಿ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣು ಮೈಗೆ ಮೆತ್ತಿಕೊಂಡ ಹುಡುಗಿಯನ್ನು ಅಖಾಡದಿಂದ ಕರೆದು ಸಾಲಿನಲ್ಲಿ ನಿಲ್ಲಿಸುತ್ತಾರೆ. ಎತ್ತರ, ತೂಕ, ತೋಳಿನ ಸುತ್ತಳತೆ ಬರೆದುಕೊಳ್ಳುತ್ತಾರೆ. ತೋಳಿನ ಹಿಂಬದಿಯ ಚರ್ಮವನ್ನು ಕ್ಯಾಲಿಪರ್‌ನಿಂದ ಹಿಡಿದು ಕೊಬ್ಬು ಎಷ್ಟಿದೆ ಎಂದು ನೋಡುತ್ತಾರೆ. ಆಮೇಲೆ ಕೈಗೆ ಒಂದು ಇಂಗ್ಲಿಷ್ ಹಾಳೆ. 1977ರಲ್ಲಿ ಅಮೆರಿಕದ ರೈನರ್ ಮಾರ್ಟೆನ್ಸ್ ರೂಪಿಸಿದ ಆತಂಕ ಪರೀಕ್ಷೆ ಅದು. ಅದರಲ್ಲಿ ಹದಿನೈದು ಹೇಳಿಕೆಗಳು, ಒಂದೊಂದಕ್ಕೂ ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ ಎಂಬ ಮೂರು ಉತ್ತರ. ಅಂಕ ಸಿಗುವುದು ಹತ್ತಕ್ಕೆ ಮಾತ್ರ; ಉಳಿದ ಐದು ಪರೀಕ್ಷೆಯ ಉದ್ದೇಶ ಗೊತ್ತಾಗದಿರಲಿ ಎಂದು ಸೇರಿಸಿದವು. ಮನೆಯಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಕನ್ನಡವನ್ನೋ ಆಡುವ ಹುಡುಗಿ, "ಸರ್, ಇದರಾಗ ಯಾವುದಕ್ಕ ಟಿಕ್ ಹಾಕಬೇಕ್ರಿ?" ಎಂದು ಕೇಳುತ್ತಾಳೆ. ಅವಳು ಹಾಕಿದ ಟಿಕ್ಕು ಪ್ರಬಂಧದಲ್ಲಿ ಅವಳ ಮನಸ್ಸಿನ ಆತಂಕವಾಗಿ ಅಚ್ಚಾಗುತ್ತದೆ. ಕನ್ನಡಕ್ಕೆ ತರದ, ನಮ್ಮ ಮಕ್ಕಳಿಗೆ ಹೊಂದುತ್ತದೆಯೇ ಎಂದು ನೋಡದ ಪರೀಕ್ಷೆಯಿಂದ ಬಂದ ಅಂಕಿಯನ್ನು ವಿಜ್ಞಾನ ಎಂದು ಕರೆಯಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ನಮ್ಮ ರೈತರ ಕಬ್ಬಿನ ಗಾಡಿ ಕಾರ್ಖಾನೆಯಲ್ಲಿ ತೂಕಕ್ಕೆ ನಿಂತರೆ ಕೈಗೆ ತೂಕದ ಚೀಟಿ ಬರುತ್ತದೆ. ಮಗುವನ್ನು ತೂಗಿ ಹೋದವರಿಂದ ಒಂದು ಚೀಟಿಯೂ ಬರುವುದಿಲ್ಲ. ರಕ್ತ ಪರೀಕ್ಷೆ ಮಾಡಿ ಕಬ್ಬಿಣದಂಶ ಕಡಿಮೆಯಿದೆ ಎಂದು ಗೊತ್ತಾದರೂ ಅದು ಕೋಷ್ಟಕದೊಳಗೆ ಉಳಿಯುತ್ತದೆ, ತಾಯಿಗೆ ತಿಳಿಯುವುದಿಲ್ಲ.

ಇದರ ಬೇರು ಎಲ್ಲಿದೆ ಎಂಬುದು ನಿಮಗೂ ಗೊತ್ತು. 2010ರ ಯುಜಿಸಿ ನಿಯಮ ಅಧ್ಯಾಪಕರ ಬಡ್ತಿಗೆ ಅಂಕದ ಲೆಕ್ಕ ತಂದಿತು. ಪ್ರಬಂಧಕ್ಕೆ ಅಂಕ ಸಿಕ್ಕಿತು, ಅಂಕಕ್ಕೆ ಮಾರುಕಟ್ಟೆ ಹುಟ್ಟಿತು. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಅಚ್ಚು ಹಾಕಿಕೊಡುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ಸಾಲುಗಟ್ಟಿದವು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಮುಂದೆ ಅದರ ಜಾಗಕ್ಕೆ ಒಪ್ಪಿತ ಪತ್ರಿಕೆಗಳ ಕೇರ್ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟರು. ಪಿಎಚ್.ಡಿ. ಒಪ್ಪಿಸುವ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವೂ 2022ರ ನಿಯಮದಲ್ಲಿ ಹೋಯಿತು. ಹಾಗಿದ್ದ ಮೇಲೆ ನೆಪ ಎಲ್ಲಿ ಉಳಿಯಿತು? ಪಟ್ಟಿ ಇಲ್ಲದಿರುವಾಗ ಒಳ್ಳೆಯದು ಕೆಟ್ಟದ್ದನ್ನು ತೂಗುವ ಹೊಣೆ ನೇರವಾಗಿ ಗೈಡುಗಳ ಹೆಗಲಿಗೇ ಬಿದ್ದಿದೆ.

ಸಿದ್ದಿ ಮಕ್ಕಳ ವಿಷಯಕ್ಕೆ ಬಂದರೆ ನನ್ನ ಸಂಕಟ ಇನ್ನೂ ದೊಡ್ಡದು. ‘ಆಫ್ರಿಕಾದ ರಕ್ತ, ಹುಟ್ಟು ಓಟಗಾರರು’ ಎಂಬ ಮಾತನ್ನು ಪತ್ರಿಕೆಗಳು ಬರೆದವು, ಅಧಿಕಾರಿಗಳು ನಂಬಿದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂತು. ಅಂಥದೇ ಹುಡುಕಾಟದಲ್ಲಿ ರಾಜಸ್ಥಾನದ ಬಿಲ್ಲುಗಾರ ಲಿಂಬಾರಾಮ್ ಸಿಕ್ಕಿ, ಮೂರು ಒಲಿಂಪಿಕ್ಸ್ ಆಡಿದರು. ನಮ್ಮ ಕಾಡಿನ ಮಕ್ಕಳೂ ಸಿಂಥೆಟಿಕ್ ಟ್ರ್ಯಾಕ್ ಕಂಡರು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಹೆಸರು ಮಾಡಿದರು. 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಆ ಬಾಗಿಲು ಮುಚ್ಚಿತು. ಹಾಸ್ಟೆಲ್ಲಿನಿಂದ ಮಕ್ಕಳು ಊರಿಗೆ ಮರಳಿದರು. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ ಅದಾಗಿ ಹತ್ತು ವರ್ಷಕ್ಕೆ, 2003ರಲ್ಲಿ.

2011ರಲ್ಲಿ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿ ಪರೀಕ್ಷಿಸಿ, ಆಫ್ರಿಕಾದ ಮೂಲಕ್ಕೆ ಭಾರತದ ರಕ್ತ ಬೆರೆತ ಇತಿಹಾಸವನ್ನು ಪ್ರಕಟಿಸಿದರು. ಅದು ವಲಸೆಯ, ಬೆರಕೆಯ ಚರಿತ್ರೆ. ಯಾರು ಎಷ್ಟು ವೇಗವಾಗಿ ಓಡುತ್ತಾರೆ ಎಂದು ಅದು ಹೇಳಿಲ್ಲ. ಆದರೂ ಸ್ನಾಯು, ವಂಶವಾಹಿ ಎಂದು ಹೊರಡುವ ವಿದ್ಯಾರ್ಥಿಗಳೇ, ಒಂದು ಕ್ಷಣ ನಿಲ್ಲಿ. ಓಡಬಲ್ಲ ಮಗು ಆಟ ಬಿಟ್ಟದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ತೊಡೆಯಲ್ಲಿ ಸಿಗುವುದಿಲ್ಲ. ಕಡತಗಳಲ್ಲಿ ಹುಡುಕಿ. ಯೋಜನೆ ನಿಲ್ಲಿಸಿದ ಆದೇಶ ಯಾರದು, ತರಬೇತಿ ಬಿಟ್ಟ ಮಕ್ಕಳ ಓದು ಏನಾಯಿತು, ಕೆಲಸ ಎಷ್ಟು ಜನಕ್ಕೆ ಸಿಕ್ಕಿತು? ಆ ಮಕ್ಕಳು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಬಾಯಿಂದಲೇ ಕೇಳಿ ಬರೆಯುವ ಕಾಲ ಇದು. ತಡವಾದರೆ ಹೇಳುವವರು ಇರುವುದಿಲ್ಲ. ಮುಂಡಗೋಡ, ಹಳಿಯಾಳ, ಯಲ್ಲಾಪುರ ಸುತ್ತಿ ಆ ಕೆಲಸ ಮಾಡಿದ ಒಂದು ಪ್ರಬಂಧ, ನೂರು ಕೊಬ್ಬಿನ ಕೋಷ್ಟಕಗಳಿಗಿಂತ ನಮಗೆ ದೊಡ್ಡದು.

ಸಂಶೋಧಕರಿಗೆ ಷರತ್ತು ಹಾಕುವುದು ಹಳ್ಳಿಯವರ ಕೈಲಿ ಆಗುವ ಮಾತೇ ಎಂದು ಕೇಳಬೇಡಿ. ದಕ್ಷಿಣ ಆಫ್ರಿಕಾದ ಸ್ಯಾನ್ ಬುಡಕಟ್ಟಿನವರು 2017ರಲ್ಲಿ ತಮ್ಮದೇ ಸಂಶೋಧನಾ ಸಂಹಿತೆ ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇವನ್ನು ಬಂದವರಿಂದ ಕೇಳಿದರು, ತಮ್ಮ ಮಂಡಳಿಯ ಒಪ್ಪಿಗೆ ಪಡೆಯಬೇಕೆಂದರು. ನಮ್ಮ ದೇಶದಲ್ಲೂ ಅದೇ ವರ್ಷ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಬಂತು. ಅದರ ಪ್ರಕಾರ ಹದಿನೆಂಟು ತುಂಬದ ಮಗುವಿನ ಮೇಲೆ ಆರೋಗ್ಯದ ಅಧ್ಯಯನ ಮಾಡಲು ತಂದೆತಾಯಿಯ ಒಪ್ಪಿಗೆ ಬೇಕು. ಏಳು ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, ಹನ್ನೆರಡು ದಾಟಿದರೆ ಬರವಣಿಗೆಯ ಸಮ್ಮತಿ ಬೇಕು. ಹಾಸ್ಟೆಲ್ಲಿನ ವಾರ್ಡನ್ ‘ಆಯ್ತು’ ಎಂದರೆ ಸಾಲದು.

ವಿಶ್ವವಿದ್ಯಾಲಯದವರೇ, ಪ್ರಬಂಧ ಒಪ್ಪಿಸುವಾಗ ಅದರ ಸಾರವನ್ನು ಕನ್ನಡದ ಎರಡು ಪುಟದಲ್ಲಿ ಬರೆದು, ಅಳತೆ ಕೊಟ್ಟ ಶಾಲೆಗೆ, ಹಾಸ್ಟೆಲ್ಲಿಗೆ ತಲುಪಿಸಿದ ರಸೀದಿ ಕೇಳಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಇಂಗ್ಲಿಷ್ ಪಿಡಿಎಫ್ ಏರಿಸಿದ್ದನ್ನು ತಲುಪಿಸಿದ್ದೆಂದು ಎಣಿಸಬೇಡಿ. ಉಸ್ತಾದರೇ, ಎಷ್ಟೋ ವರ್ಷ ಮಣ್ಣಿನಲ್ಲಿ ನಿಂತು ಕಲಿತ ನಿಮ್ಮ ಅನುಭವವನ್ನು ಕೇಳಿ ಬರೆದುಕೊಂಡವರು ನಿಮ್ಮ ಹೆಸರು ಹಾಕಲಿ, ಹಾಕದಿದ್ದರೆ ಕೇಳಿ. ಪಂಚಾಯಿತಿಯವರೇ, ಬಂದವರ ಹೆಸರು, ವಿಷಯ, ವಾಪಸ್ ಬರುವ ತಾರೀಖು ಬರೆದಿಡಲು ಒಂದು ದಫ್ತರ ತೆರೆಯಿರಿ. ತಂದೆತಾಯಂದಿರೇ, ಹಾಳೆಯನ್ನು ನಿಮ್ಮ ಭಾಷೆಯಲ್ಲಿ ಓದಿ ಹೇಳುವತನಕ ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಬೇಡಿ. ಈಗಾಗಲೇ ಅಳತೆ ಒಯ್ದವರು ಹಳೆಯ ಕೋಷ್ಟಕ ತೆಗೆದುಕೊಂಡು ಬನ್ನಿ. ಮಕ್ಕಳು ಬೆಳೆದಿದ್ದಾರೆ, ಹಲವರು ಇಲ್ಲೇ ಕಬ್ಬು ಕಡಿಯುತ್ತಿದ್ದಾರೆ. ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಅವರ ಅಂಕಿ ಏನು ಹೇಳುತ್ತಿತ್ತು ಎಂದು ತಿಳಿಸಿ.