ಭಂಗಿಗೆ ಲೈಸೆನ್ಸು ಸಿಗಬಹುದು, ಬೆಲೆ?



ಎಕರೆಗೆ ಲಕ್ಷಗಟ್ಟಲೆ ತರುವ ಹೊಸ ಬೆಳೆಯ ಸುದ್ದಿ ನಿಮ್ಮೂರಿನ ಕಟ್ಟೆಗೂ ಮುಟ್ಟಿರಬಹುದು. ಅದಕ್ಕೆ ಹೆಂಪ್ ಅಂತಾರೆ. ಹೆಸರು ಇಂಗ್ಲಿಷಾದರೇನು, ಗಿಡ ಗಾಂಜಾದ ಜಾತಿಯದೇ. ಅಮಲಿನ ಅಂಶ ಕಡಿಮೆ ಇರುವ ತಳಿ, ಅಷ್ಟೆ. ನಾವು ಹಸಿರುಗೊಬ್ಬರಕ್ಕೆ ಬಿತ್ತುವ ಅಪ್ಪಸೆಣಬು ಇದಲ್ಲ.

1985ರ ಮಾದಕ ವಸ್ತು ಕಾಯಿದೆಯ 20ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಈ ಗಿಡ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯಿದೆಯ 14ನೇ ಕಲಂ, ನಾರಿಗಾಗಿ ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. 2018ರಲ್ಲಿ ಉತ್ತರಾಖಂಡ ಹಾಗೆ ಲೈಸೆನ್ಸು ಕೊಟ್ಟಿತು. ಟಿಎಚ್‌ಸಿ ಎಂಬ ಅಮಲಿನ ಅಂಶ ನೂರಕ್ಕೆ 0.3 ಮೀರಕೂಡದೆಂಬುದು ಷರತ್ತು. ಆ ಲೈಸೆನ್ಸು ನಿಮ್ಮ ಹೊಲದಲ್ಲಿ ನಡೆಯೋದಿಲ್ಲ, ನೆನಪಿರಲಿ.

2021ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇದರ ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿತು. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ದಾಟಬಾರದು. ಅಮಲೇರುತ್ತದೆಂಬ ಸೂಚನೆ ಲೇಬಲ್ಲಿನಲ್ಲಿ ಇರಕೂಡದು. ಸರಿ, ಕೊಳ್ಳುವವನಿಗೆ ರಕ್ಷಣೆ ಬೇಕು. ಆದರೆ ಬೆಳೆದವನಿಗೆ ಎಷ್ಟು ಕೊಟ್ಟರೆಂದು ಅದೇ ಡಬ್ಬಿಯ ಮೇಲೆ ಬರೆಸುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ!

ನಿಜವಾದ ಅಪಾಯ ಆ 0.3ರಲ್ಲಿದೆ. ಹೂ ಬಲಿತಂತೆ ಟಿಎಚ್‌ಸಿ ಏರುತ್ತದೆ. ಆಳು ಸಿಗದೆ ಕೊಯ್ಲು ತಡವಾದರೂ ಗೆರೆ ದಾಟಬಹುದು. ಅಮೆರಿಕ 2018ರಲ್ಲಿ ಈ ಬೆಳೆಗೆ ದೇಶದಾದ್ಯಂತ ಬಾಗಿಲು ತೆರೆಯಿತು. ಅಲ್ಲಿ ಕೊಯ್ಲಿಗೆ ಮುಂಚಿನ 30 ದಿನದೊಳಗೆ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಮಿತಿ ಮೀರಿದ ಫಸಲನ್ನು ಹಾಗೇ ಮಾರುವಂತಿಲ್ಲ. ನಾಶಮಾಡಬೇಕು, ಇಲ್ಲವೇ ಹೂ ತೆಗೆದೋ ಪುಡಿಮಾಡಿ ಬೆರೆಸಿಯೋ ಮಿತಿಯೊಳಗೆ ತರಬೇಕು. ಬೆಲೆಯ ಕಥೆ ಇನ್ನೂ ಕೆಟ್ಟದು. ಅಲ್ಲಿನ ಕೃಷಿ ಇಲಾಖೆಯೇ ಹೇಳುವಂತೆ ಬೆಳೆಯ ಒಟ್ಟು ಮೌಲ್ಯ 2021ರಲ್ಲಿ 82.4 ಕೋಟಿ ಡಾಲರು, 2022ರಲ್ಲಿ 23.8 ಕೋಟಿ! ಸಾಲದ್ದಕ್ಕೆ 2025ರ ನವೆಂಬರಿನಲ್ಲಿ ಹೆಂಪ್ ಎಂದರೆ ಯಾವುದು ಎಂಬ ವ್ಯಾಖ್ಯೆಯನ್ನೇ ಬಿಗಿಮಾಡಿ ಹೊಸ ಕಾನೂನು ತಂದರು. ಟೊಮೆಟೊ ರಸ್ತೆಗೆ ಸುರಿದ ನಮಗೆ ಈ ಆಟ ಹೊಸದೇನಲ್ಲ.

ನಮ್ಮ ಸರ್ಕಾರ ಲೈಸೆನ್ಸು ಕೊಡುವುದಾದರೆ ಅದೇ ಕಾಗದದಲ್ಲಿ ಕನಿಷ್ಠ ಬೆಲೆಯನ್ನೂ, ಬೆಳೆ ಸುಡಿಸಿದರೆ ಪರಿಹಾರವನ್ನೂ ಬರೆಯಬೇಕು. ಕಂಪನಿಯ ಏಜೆಂಟು ಮನೆಗೆ ಬಂದರೆ ಚಹಾ ಕೊಟ್ಟು ಕೂರಿಸಿ ಕೇಳಿ: ಲೈಸೆನ್ಸು ಯಾರ ಹೆಸರಿಗೆ? 0.3 ದಾಟಿದರೆ ನಷ್ಟ ಯಾರ ತಲೆಗೆ? ಕಿಲೋಗೆ ಎಷ್ಟು ಕೊಡ್ತೀರಿ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೇಳಿ. ಅಲ್ಲಿಯವರೆಗೆ ಸೊಸೈಟಿ ಸಾಲ ಎತ್ತಿ ಆ ಬೀಜ ಕೊಳ್ಳಬೇಡಿ.